ಒಂದೇ ಎಂಜಿನು, ಎರಡು ಕಾರು

ಓಟದ ಕಾರು ಮೇಲೋ, ವೈಭವದ ಸೆಡಾನ್ ಮೇಲೋ ಎಂಬ ಚರ್ಚೆ ಮೋಟಾರುಪ್ರಿಯರಲ್ಲಿ ಬಹಳ ಹಳೆಯದು. ಎಂಜಿನುಗಳೇ ಬೇರೆಯಾದಾಗ ಇಂಥ ಹೋಲಿಕೆಯಿಂದ ತಿಳಿಯುವುದು ಅಲ್ಪ. ಇಂಗ್ಲೆಂಡಿನ ಜಾಗ್ವಾರ್ ಕಂಪನಿಯಾದರೋ ಒಂದೇ ಎಂಜಿನನ್ನು ಎರಡು ಬಗೆಯ ಕಾರುಗಳಲ್ಲಿಯೂ ಇಟ್ಟು ನಮಗೊಂದು ಒಳ್ಳೆಯ ಉದಾಹರಣೆಯನ್ನು ಒದಗಿಸಿದೆ.

1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಎಕ್ಸ್‌ಕೆ 120 ಎಂಬ, ಇಬ್ಬರು ಕೂರುವ ತೆರೆದ ಕಾರು ಕಾಣಿಸಿಕೊಂಡಿತು. 1950ರಲ್ಲಿ ಐದಾರು ಮಂದಿ ಹಾಯಾಗಿ ಕೂರಬಹುದಾದ ಮಾರ್ಕ್ ಸೆವೆನ್ ಸೆಡಾನ್ ಬಂದಿತು. ಎರಡರಲ್ಲಿಯೂ ಇದ್ದುದು ಆರು ಸಿಲಿಂಡರುಗಳ, 3.4 ಲೀಟರಿನ ಎಕ್ಸ್‌ಕೆ ಎಂಜಿನು. ಅದರ ಬಲ 160 ಅಶ್ವಶಕ್ತಿ. ಸ್ವಾರಸ್ಯವೆಂದರೆ, ಈ ಎಂಜಿನನ್ನು ರೂಪಿಸಿದ್ದು ಸೆಡಾನಿಗಾಗಿಯೇ. ಸೆಡಾನಿನ ಒಡಲು ಸಿದ್ಧವಾಗುವುದು ತಡವಾದುದರಿಂದ, ಎಂಜಿನನ್ನು ಜನರಿಗೆ ಪರಿಚಯಿಸಲೆಂದು ಓಟದ ಕಾರನ್ನು ಅವಸರದಲ್ಲಿ ಕಟ್ಟಿದರು. ಸುಮಾರು 200 ಕಾರುಗಳು ಸಾಕೆಂದುಕೊಂಡಿದ್ದರು. 1954ರ ವೇಳೆಗೆ 12,000ಕ್ಕೂ ಹೆಚ್ಚು ತಯಾರಾದವು.

ಓಟದ ಕಾರು ಗಂಟೆಗೆ ಸುಮಾರು 120 ಮೈಲಿ ಓಡುತ್ತಿತ್ತು. ಸೆಡಾನ್ ಸುಮಾರು 100 ಮೈಲಿ. ಎಂಜಿನು ಒಂದೇ ಆದ ಮೇಲೆ ಈ ಅಂತರವೇಕೆ? ಮೊದಲನೆಯ ಕಾರಣ ತೂಕ. ಓಟದ ಕಾರು ಸುಮಾರು 1,300 ಕಿಲೋ, ಸೆಡಾನ್ ಸುಮಾರು 1,750 ಕಿಲೋ. ಎಂದರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ಅಲ್ಲಿ 8 ಕಿಲೋ, ಇಲ್ಲಿ 11 ಕಿಲೋ ಹೊರೆ. ವೇಗವನ್ನು ಏರಿಸಿಕೊಳ್ಳುವಾಗ ಈ ವ್ಯತ್ಯಾಸವು ಎದ್ದು ಕಾಣುತ್ತದೆ. ಎರಡನೆಯದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ತಗ್ಗಾದ ಕಿರಿಯ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಎತ್ತರದ, ಅಗಲವಾದ ಸೆಡಾನ್ ಅದನ್ನು ಎದೆಯೊಡ್ಡಿ ತಳ್ಳಬೇಕು.

ಹಾಗೆಂದು ಸೆಡಾನ್ ಕೈಲಾಗದ್ದೆಂದು ತಿಳಿಯಬಾರದು. 1956ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದದ್ದು ಮಾರ್ಕ್ ಸೆವೆನ್! ಚಳಿಗಾಲದ ಬೆಟ್ಟದ ಹಾದಿಯಲ್ಲಿ ಅಷ್ಟು ದೂರ ಕ್ರಮಿಸುವವರಿಗೆ ಬರಿಯ ವೇಗ ಸಾಲದು. ಕಾರು ತಾಳಿಕೊಳ್ಳಬೇಕು, ಒಳಗಿರುವವರೂ ದಣಿಯಬಾರದು.

ಆದುದರಿಂದ ಯಾವುದು ಮೇಲೆಂಬುದು ಕೆಲಸವನ್ನು ನೋಡಿ ಹೇಳಬೇಕಾದ ಮಾತು. ಒಬ್ಬನೇ ಬೇಗ ಮುಟ್ಟಬೇಕಾದರೆ ಓಟದ ಕಾರು. ಮನೆಮಂದಿಯೆಲ್ಲ ಒಟ್ಟಿಗೆ ಸೇರಬೇಕಾದರೆ ಸೆಡಾನ್. ನಮ್ಮ ಮನೆತನದಲ್ಲಿ ಪದವಿಯ ತರಗತಿಯನ್ನು ಕಂಡವರಲ್ಲಿ ನಾನೇ ಮೊದಲಿಗ. ಆದುದರಿಂದಲೋ ಏನೋ, ಈ ಲೆಕ್ಕ ನನಗೆ ಕಾರುಗಳಿಗಷ್ಟೇ ಸೇರಿದ್ದೆಂದು ತೋರುವುದಿಲ್ಲ. ಹಿಂದುಳಿದವನ ಎಂಜಿನು ಕಿರಿದೆಂದು ತೀರ್ಮಾನಿಸುವ ಮುನ್ನ ಅವನು ಹೊತ್ತ ಹೊರೆಯನ್ನೂ ಒಮ್ಮೆ ತೂಗಿ ನೋಡುವುದು ನ್ಯಾಯ.