ತುಂಬಿಸುವ ಮೊದಲು ತೊಳೆಯುವ ಕೆಲಸ

ನಾರಾವಿಯಲ್ಲಿ ಬೆಳ್ತಂಗಡಿ ತಾಲೂಕು ಮುಗಿದು ಕಾರ್ಕಳ ಶುರುವಾಗುತ್ತದೆ. ಹಲ್ಲುನೋವು ತಡೆಯಲಾಗದೆ ಹೋದರೆ ಇಲ್ಲಿನವರು ಬಸ್ಸು ಹತ್ತುವುದು ಮೂಡುಬಿದಿರೆಗೋ ಕಾರ್ಕಳಕ್ಕೋ ಬೆಳ್ತಂಗಡಿಗೋ. ಕೇಸು ಜಟಿಲವಾದರೆ ದಂತ ವೈದ್ಯಕೀಯ ಕಾಲೇಜುಗಳಿವೆ: ಮಣಿಪಾಲದಲ್ಲಿ 1965ರಿಂದ, ದೇರಳಕಟ್ಟೆಯಲ್ಲಿ 1985ರಿಂದ. ಹೀಗಾಗಿ ರೂಟ್ ಕೆನಾಲ್ ಈ ಕಡೆ ಹೊಸ ಮಾತೇನಲ್ಲ. ಆದರೆ ನೋವು ಹೋದ ಮೇಲೂ ಡಾಕ್ಟರು ಸಿರಿಂಜ್ ಹಿಡಿದು ಹಲ್ಲನ್ನು ಮತ್ತೆ ಮತ್ತೆ ತೊಳೆಯುವುದೇಕೆ ಎಂದು ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಅನಿಸದೆ ಇರದು.

ಸಿರಿಂಜಿನಲ್ಲಿರುವುದು ಬರೀ ನೀರಲ್ಲ. ಬಹುತೇಕ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಟ್ಟೆಯ ಕಲೆ ತೆಗೆಯುವ ಬ್ಲೀಚಿನ ಜಾತಿಯದೇ ದ್ರಾವಣ. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಸೈನಿಕರ ಗಾಯ ತೊಳೆಯಲು ಇದನ್ನು ಶೇ. 0.5ರಷ್ಟು ತೆಳುವಾಗಿ ಬಳಸಿದ್ದ. ಇದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಸತ್ತ ನರದ ಚೂರುಗಳನ್ನು ಕರಗಿಸುತ್ತದೆ. ಬೇರಿನ ತುದಿ ದಾಟಿ ದವಡೆಯೊಳಗೆ ಹೋದರೆ ಮಾತ್ರ ಉರಿ, ಊತ ಗ್ಯಾರಂಟಿ. ಅದಕ್ಕೇ ಹಲ್ಲಿನ ಸುತ್ತ ರಬ್ಬರ್ ಹಾಳೆ, ಪಕ್ಕದಲ್ಲಿ ತೂತಿರುವ ಸೂಜಿ, ನಿಧಾನದ ಕೈ.

ಬ್ಲೀಚಿಗೆ ಬಗ್ಗದ ಒಂದು ವಸ್ತುವಿದೆ. ಸಣ್ಣ ಫೈಲುಗಳಿಂದ ಬೇರಿನೊಳಗಿನ ಕಾಲುವೆಯ ಗೋಡೆ ಉಜ್ಜಿದಾಗ ಹಲ್ಲಿನ ಪುಡಿಯೂ ಅಳಿದುಳಿದ ಅಂಗಾಂಶವೂ ಕಲಸಿ ಒಂದೆರಡು ಮೈಕ್ರಾನ್ ದಪ್ಪದ ಪದರವಾಗಿ ಮೆತ್ತಿಕೊಳ್ಳುತ್ತದೆ. ಕಾಲುವೆಯ ಗೋಡೆಯ ಮೇಲಿನ ಈ ಪದರವನ್ನು 1975ರಲ್ಲಿ ಮೆಕ್‌ಕೋಂಬ್ ಮತ್ತು ಸ್ಮಿತ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡು ವಿವರಿಸಿದರು. ಗೋಡೆಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸಾವಿರಾರು ಸೂಕ್ಷ್ಮ ನಳಿಕೆಗಳಿವೆ. ಪದರ ಅವುಗಳ ಬಾಯಿ ಮುಚ್ಚಿಬಿಡುತ್ತದೆ. ಕಾಲುವೆ ತುಂಬಿಸುವ ಗಟ್ಟಾಪರ್ಚಾ ಕಡ್ಡಿಯ ಜೊತೆ ಹಾಕುವ ಸೀಲರ್ ಆಗ ಹಲ್ಲಿಗಲ್ಲ, ಆ ಕೊಳೆಗೆ ಅಂಟುತ್ತದೆ. ಧೂಳು ಒರೆಸದ ಗೋಡೆಗೆ ಸುಣ್ಣ ಬಳಿದ ಹಾಗೆ.

ಈ ಪದರದ ಖನಿಜವನ್ನು ಕರಗಿಸುವುದು ಶೇ. 17ರ ಇ.ಡಿ.ಟಿ.ಎ. ದ್ರಾವಣ. ಸುಮಾರು ಒಂದು ನಿಮಿಷ ಸಾಕು, ತುಂಬಾ ಹೊತ್ತು ಬಿಟ್ಟರೆ ಗೋಡೆಯನ್ನೇ ಸವೆಸುತ್ತದೆ. ದ್ರಾವಣಗಳ ಸರದಿಯೂ ಮುಖ್ಯ. ಹೈಪೋಕ್ಲೋರೈಟ್ ಉಳಿದಿರುವಾಗಲೇ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಸೋಂಕುನಿವಾರಕ ಬಿಟ್ಟರೆ ಕಿತ್ತಳೆ-ಕಂದು ಗಷ್ಟು ಕಟ್ಟಿ ನಳಿಕೆಗಳು ಮತ್ತೆ ಮುಚ್ಚಿಹೋಗುತ್ತವೆ. ರಾಳದ ಸೀಲರ್ ಆದರೆ, ಹೈಪೋಕ್ಲೋರೈಟ್ ಬಿಟ್ಟುಹೋದ ಆಮ್ಲಜನಕ ಅದು ಗಟ್ಟಿಯಾಗುವುದಕ್ಕೆ ಅಡ್ಡಿಯಾಗಬಹುದು. ಆದ್ದರಿಂದಲೇ ನಡುವೆ ಸಲೈನಿನ ತೊಳೆತ, ಕೊನೆಗೆ ಕಾಗದದ ಕಡ್ಡಿಗಳಿಂದ ಒರೆಸುವುದು. ಹೊಸ ಬಯೋಸೆರಾಮಿಕ್ ಸೀಲರಿಗೆ ತುಸು ತೇವ ಬೇಕು, ಅಲ್ಲಿ ಪೂರ್ತಿ ಒಣಗಿಸಬಾರದು.

ಪದರ ತೆಗೆದರೆ ಸೋರಿಕೆ ಕಡಿಮೆಯಾಗುತ್ತದೆಯೇ ಎಂದು ಕಿತ್ತ ಹಲ್ಲುಗಳ ಮೇಲೆ ಪರೀಕ್ಷಿಸುವ ಬಗೆ ನೋಡುವಂಥದ್ದು. ಕಾಲುವೆ ತುಂಬಿಸಿ, ಬೇರಿನ ತುದಿ ಬಿಟ್ಟು ಉಳಿದ ಭಾಗಕ್ಕೆ ಉಗುರುಬಣ್ಣ ಬಳಿದು, ಮಿಥಿಲೀನ್ ನೀಲಿಯಲ್ಲಿ ಅದ್ದಿಡುತ್ತಾರೆ. ಆಮೇಲೆ ಉದ್ದಕ್ಕೆ ಸೀಳಿದರೆ ಸೋರಿದಷ್ಟೂ ದೂರ ನೀಲಿ ಗೆರೆ. ಪದರ ತೆಗೆದ ಹಲ್ಲುಗಳಲ್ಲಿ ಅನೇಕ ಅಧ್ಯಯನಗಳು ಕಡಿಮೆ ಸೋರಿಕೆ ಕಂಡಿವೆ, ಎಲ್ಲವೂ ಅಲ್ಲ. ಮೇಜಿನ ಮೇಲಿನ ನೀಲಿ ಗೆರೆ ಬಾಯೊಳಗಿನ ಫಲಿತಾಂಶವನ್ನು ನೇರವಾಗಿ ಹೇಳುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ.

ಸೋರಿಕೆ ಮೇಲಿನಿಂದಲೂ ಬರುತ್ತದೆ. 1995ರಲ್ಲಿ ರೇ ಮತ್ತು ಟ್ರೋಪ್ ರೂಟ್ ಕೆನಾಲ್ ಆದ 1010 ಹಲ್ಲುಗಳ ಎಕ್ಸ್‌ರೇ ನೋಡಿದಾಗ, ಮೇಲಿನ ಫಿಲ್ಲಿಂಗ್ ಅಥವಾ ಕ್ಯಾಪ್ ಕೆಟ್ಟಿದ್ದ ಕಡೆ ಬೇರಿನ ತುದಿಯ ಸೋಂಕೂ ಹೆಚ್ಚಿತ್ತು. ಗದ್ದೆ, ತೋಟದ ಕೆಲಸದ ನಡುವೆ ಕ್ಯಾಪ್ ಹಾಕಿಸುವುದು ಮುಂದಕ್ಕೆ ಹೋಗುವುದು ಸಹಜ. ತಾತ್ಕಾಲಿಕ ಫಿಲ್ಲಿಂಗ್ ಮಾತ್ರ ಕೆಲವೇ ವಾರ ಬಾಳುತ್ತದೆ.