ಪರಿಷತ್ತಿನ ನೆಂಟ, ಸಚಿವರ ಬಂಧು: ‘ಸೆಟ್’

ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ: ಸೆಟ್. ಈ ಪುಟ್ಟ ಕ್ರಿಯಾಪದವನ್ನು ವಿವರಿಸಲು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1989ರ ತನ್ನ ಎರಡನೆಯ ಆವೃತ್ತಿಯಲ್ಲಿ ಸುಮಾರು 60,000 ಪದಗಳನ್ನು ಸುರಿಯಿತು! 430 ಅರ್ಥಗಳು, ‘ಸೆಟ್ ಅಪ್’, ‘ಸೆಟ್ ಆಫ್’ನಂಥ ಕೂಡುನುಡಿಗಳ ಅರ್ಥಗಳು ಬೇರೆ. ಒಂದು ಪದದ ಮೇಲೆ ಒಂದು ಕಾದಂಬರಿಯಷ್ಟು ಬರಹ! (ಈಗ ‘ರನ್’ ಅದನ್ನೂ ಹಿಂದಿಕ್ಕಿದೆ. ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತು ಅದರ 645 ಅರ್ಥಗಳನ್ನು ಬಿಡಿಸಿಟ್ಟರು. ರೈಲು, ಯಂತ್ರ, ಕಂಪ್ಯೂಟರ್ ಎಲ್ಲವೂ ಇಂಗ್ಲಿಷಿನಲ್ಲಿ ಓಡತೊಡಗಿದವಲ್ಲ!) ನನ್ನ ಮನಸ್ಸು ಮಾತ್ರ ಸೆಟ್‌ನಲ್ಲೇ ಸಿಕ್ಕಿಕೊಂಡಿದೆ.

ಸೂರ್ಯ ಮುಳುಗಿದರೆ ಸೆಟ್. ಸಿಮೆಂಟು ಗಟ್ಟಿಯಾದರೆ ಸೆಟ್. ಮುರಿದ ಮೂಳೆ ಕೂಡಿಸಿದರೆ, ಬೋನು ಒಡ್ಡಿದರೆ, ಉಂಗುರಕ್ಕೆ ಹರಳು ಕೂರಿಸಿದರೆ, ಅಚ್ಚುಮೊಳೆ ಜೋಡಿಸಿದರೆ, ಗಡಿಯಾರದ ಮುಳ್ಳು ಸರಿಮಾಡಿದರೆ ಎಲ್ಲಕ್ಕೂ ಅದೇ. ಹೂವು ಕಾಯಿ ಕಚ್ಚುವುದೂ ಸೆಟ್. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸುತ್ತಾರಲ್ಲ, ಅದೂ ಸೆಟ್!

ಇಷ್ಟೆಲ್ಲ ಒಂದೇ ಪದದೊಳಗೆ ಹೇಗೆ ಹಿಡಿಸಿತು? ಬೀಗದ ಕೈ ಕನ್ನಡಿಗರ ಕೈಯಲ್ಲೇ ಇದೆ! ನಮ್ಮಲ್ಲಿ ‘ಕೂರು’ವಿನಿಂದ ‘ಕೂರಿಸು’ ಹುಟ್ಟಿದ ಹಾಗೆಯೇ, ಇಂಗ್ಲಿಷಿನ ಹಿರಿಯಜ್ಜಿ ಭಾಷೆಯಲ್ಲಿ ‘ಸಿಟ್’ನ ಮೂಲದಿಂದ ‘ಸೆಟ್’ ಹುಟ್ಟಿತು. ನಾವು ಹರಳು ಕೂರಿಸುತ್ತೇವೆ, ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಗಣಪತಿಯನ್ನೂ ಕೂರಿಸುತ್ತೇವೆ. ಅವರು ಮೂಳೆಯನ್ನೂ ಮುಳ್ಳನ್ನೂ ಕೂರಿಸಿದರು, ಅಷ್ಟೆ. ಸೂರ್ಯ? ಹಳೆಯ ಇಂಗ್ಲಿಷಿನಲ್ಲಿ ಅವನು ತನ್ನ ಪೀಠಕ್ಕೆ ಹೋಗುತ್ತಾನೆ! ದಿನವಿಡೀ ನಡೆದವನು ಹೋಗಿ ಕೂರುತ್ತಾನೆ.

ಇನ್ನೂ ಆಳಕ್ಕಿಳಿದರೆ ಮೈ ಜುಮ್ಮೆನ್ನುತ್ತದೆ. ಈ ‘ಸಿಟ್’ ಮತ್ತು ಸಂಸ್ಕೃತದ ‘ಸದ್’ ಧಾತು ಒಂದೇ ಬೇರಿನವು. ಗುರುವಿನ ಬಳಿ ಕೂತರೆ ಉಪನಿಷತ್, ಒಟ್ಟಿಗೆ ಕೂತರೆ ಸಂಸತ್, ಸುತ್ತ ಕೂತರೆ ಪರಿಷತ್. ನಮ್ಮ ವಿಧಾನ ಪರಿಷತ್ತೂ ಕನ್ನಡ ಸಾಹಿತ್ಯ ಪರಿಷತ್ತೂ ಗಡಿಯಾರ ಸೆಟ್ ಮಾಡುವ ಪದಕ್ಕೆ ರಕ್ತಸಂಬಂಧಿಗಳು!

ಹಾಗಾದರೆ ಸೆಟ್ ದೋಸೆ? ಒಂದು ತಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ಮೆತ್ತನೆಯ ದೋಸೆ, ಸಾಗು, ಚಟ್ನಿ. ಇಲ್ಲಿ ಕಥೆ ಥಟ್ಟನೆ ತಿರುಗುತ್ತದೆ, ಏಕೆಂದರೆ ಗುಂಪು ಎಂಬ ಅರ್ಥದ ಸೆಟ್ ಬೇರೆಯೇ ಪದ! ಅದು ಫ್ರಾನ್ಸಿನ ದಾರಿಯಲ್ಲಿ ಬಂದದ್ದು. ಮೂಲ ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಒಬ್ಬರನ್ನು ಹಿಂಬಾಲಿಸುವ ಬಳಗ. ಎರಡೂ ಒಂದೇ ರೂಪ ತಾಳಿ, ಶತಮಾನಗಳ ಕಾಲ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು, ಈಗ ಬಿಡಿಸಲಾರದಷ್ಟು ಬೆರೆತಿವೆ. ಈ ಎರಡನೆಯದರ ನೆಂಟರು ಯಾರು ಗೊತ್ತೇ? ಹಿಂಬಾಲಿಸುವುದು, ಜೊತೆಗಿರುವುದು ಎಂಬ ಅದೇ ಬೇರಿನಿಂದ ಸಂಸ್ಕೃತದಲ್ಲಿ ‘ಸಚಿವ’ ಬಂದ, ‘ಸಖ’ನೂ ಬಂದ. ದೋಸೆಯ ಸೆಟ್‌ಗೆ ಸಚಿವರು ದಾಯಾದಿಗಳು!

ಪಂಪ್‌ಸೆಟ್, ಬಳೆ ಸೆಟ್, ಸಿನಿಮಾ ಸೆಟ್ ಎಂದು ಈ ಪದವನ್ನು ಮನೆ ತುಂಬಿಸಿಕೊಂಡ ನಾವೂ ಸುಮ್ಮನೆ ಕೂತಿಲ್ಲ. ‘ಈ ಅಂಗಿ ನಿಂಗೆ ಸೆಟ್ ಆಗುತ್ತೆ ಕಣೋ’ ಎನ್ನುತ್ತೇವೆ, ಒಪ್ಪುತ್ತದೆ ಎಂಬ ಅರ್ಥದಲ್ಲಿ. ಇಂಗ್ಲಿಷಿನವರು ಇಲ್ಲಿ ಸೆಟ್ ಎನ್ನುವುದಿಲ್ಲ, ‘ಸೂಟ್’ ಎನ್ನುತ್ತಾರೆ. ಆ ‘ಸೂಟ್’ ಎಲ್ಲಿಂದ ಬಂತೆಂದು ಹುಡುಕಿದರೆ, ಅದೂ ಫ್ರಾನ್ಸಿನ ದಾರಿಯಲ್ಲೇ, ಹಿಂಬಾಲಿಸು ಎಂಬ ಅದೇ ಲ್ಯಾಟಿನ್ ಕ್ರಿಯಾಪದದಿಂದಲೇ ಬಂದದ್ದು!