ಮಾಗಿಯ ಮಳೆ

ಸ್ವಾತಿ, ವಿಶಾಖೆಯ ಮಳೆಗಳು ಕಳೆದು ಹೊಸಕೋಟೆಯ ಹೊಲಗಳಲ್ಲಿ ರಾಗಿಯ ಕೊಯ್ಲು ನಡೆದಿರುವಾಗ, ಬೆಂಗಳೂರಿನ ಆಕಾಶ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಕವಿದುಕೊಳ್ಳುವುದುಂಟು. ಗುಡುಗಿಲ್ಲ, ಮಿಂಚಿಲ್ಲ; ಎರಡು ಮೂರು ದಿನ ಬಿಡದೆ ಜಿಟಿಜಿಟಿ ಮಳೆ, ಮೈ ಕೊರೆಯುವ ಗಾಳಿ. ಶಿವಾಜಿನಗರದ ಬೀದಿಬದಿಯ ವ್ಯಾಪಾರಿ ಸರಕಿನ ಮೇಲೆ ಟಾರ್ಪಾಲು ಎಳೆದು ಕೂರುತ್ತಾನೆ. ಕೊಯ್ದ ತೆನೆ ಹೊಲದಲ್ಲಿಯೇ ನೆನೆದು ಮೊಳೆತೀತೆಂಬ ಆತಂಕ ರೈತನದು. ಈ ಮಳೆಯ ತವರು ಸುಮಾರು 300 ಕಿಲೋಮೀಟರ್ ದೂರದ ಬಂಗಾಳ ಕೊಲ್ಲಿ.

ಕೊಲ್ಲಿಯ ನೀರು ಚಳಿಗಾಲದ ಆರಂಭದಲ್ಲಿಯೂ ಬೆಚ್ಚಗಿರುತ್ತದೆ. ಅದರ ಮೇಲಿನ ತೇವಭರಿತ ಗಾಳಿ ಮೇಲೇರಿದಂತೆ ಕೆಳಗೆ ಒತ್ತಡ ಕುಸಿಯುತ್ತದೆ. ಸುತ್ತಣ ಗಾಳಿ ಒಳನುಗ್ಗಿ, ಭೂಮಿಯ ತಿರುಗುವಿಕೆಯಿಂದಾಗಿ ಸುಳಿಯಾಗುತ್ತದೆ. ಇದೇ ಚಂಡಮಾರುತ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ‘ಫೆಂಗಲ್’ ಆ ಊರಿಗೆ ಒಂದೇ ದಿನದಲ್ಲಿ 40 ಸೆಂಟಿಮೀಟರಿಗೂ ಮಿಗಿಲಾದ ಮಳೆ ಸುರಿಸಿತು. ಅದರ ಮೋಡದ ಸೆರಗು ಬೆಂಗಳೂರನ್ನೂ ಮುಸುಕಿತು.

ಉತ್ತರದ ಶೀತದೇಶಗಳ ಕರಾವಳಿಯಲ್ಲಿ ಚಳಿಗಾಲದ ಬಿರುಗಾಳಿ ತರುವುದು ಹಿಮವನ್ನು. ಅದು ಹುಟ್ಟುವ ಬಗೆಯೇ ಬೇರೆ: ನೆಲದ ಕೊರೆಯುವ ಗಾಳಿಗೂ ಕಡಲಿನ ಬೆಚ್ಚನೆಯ ಗಾಳಿಗೂ ನಡೆಯುವ ಸಂಘರ್ಷ ಅದರ ಮೂಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1978ರ ಫೆಬ್ರವರಿ 6 ಮತ್ತು 7ರಂದು ಸುಮಾರು 69 ಸೆಂಟಿಮೀಟರ್ ಹಿಮ ಬಿದ್ದಿತು. ಬೆಂಗಳೂರಿನ ಮೇಲಿನ ಎತ್ತರದ ಮೋಡಗಳಲ್ಲಿಯೂ ಹಿಮದ ಹರಳುಗಳಿರುತ್ತವೆ. ಆದರೆ ಬೀಳುವಾಗ ಬೆಚ್ಚನೆಯ ಗಾಳಿಯನ್ನು ಹಾದು ಅವು ಹನಿಗಳಾಗುತ್ತವೆ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ.

ಹಿಮಕ್ಕೊಂದು ಸೌಜನ್ಯವಿದೆ: ಬಿದ್ದಲ್ಲಿಯೇ ಇದ್ದು ಮೆಲ್ಲನೆ ಕರಗುತ್ತದೆ. (ಸಲಿಕೆ ಹಿಡಿದು ಅದನ್ನು ಎತ್ತುವವರು ಈ ಮಾತನ್ನು ಒಪ್ಪಲಾರರು!) ಮಳೆ ಹಾಗೆ ಕಾಯುವುದಿಲ್ಲ, ಬಿದ್ದ ಗಳಿಗೆಯಲ್ಲಿಯೇ ದಾರಿ ಕೇಳುತ್ತದೆ. ಆ ದಾರಿಯನ್ನು ಹಿಂದಿನವರು ಅರಿತಿದ್ದರು. ದಂಡಿನ ಪ್ರದೇಶದ ನೀರು ಹಲಸೂರು ಕೆರೆಗೆ. ಅಲ್ಲಿ ಕೋಡಿ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳಿಗೆ. ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಕೊನೆಗೆ ಕಡಲೂರಿನ ಬಳಿ ಮತ್ತೆ ಬಂಗಾಳ ಕೊಲ್ಲಿಗೆ. ಫೆಂಗಲ್ ಮಳೆಗೆ ಈ ನದಿಯೇ ತಮಿಳುನಾಡಿನಲ್ಲಿ ಉಕ್ಕಿ ಹರಿದು ವಿಳುಪ್ಪುರಂ, ಕಡಲೂರು ಜಿಲ್ಲೆಗಳ ಊರುಗಳಿಗೆ ನುಗ್ಗಿತು.

ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆ ಬೇಸಗೆಯಲ್ಲಿ ಒಣಗಿದ ಹಳ್ಳದಂತೆ ತೋರುವುದರಿಂದ ಅದರ ಮೇಲೆ ಮನೆ ಕಟ್ಟುವವರಿಗೆ ಅಳುಕಿಲ್ಲ. ಕಾಲುವೆ ಕಿರಿದಾದರೂ ನೀರಿನ ಮೊತ್ತ ಕಿರಿದಾಗದು. ದಾರಿ ಸಾಲದ ನೀರು ತಗ್ಗಿನ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ. ಆ ಮನೆಗಳಲ್ಲಿ ಇರುವವರು ಬಹುಮಟ್ಟಿಗೆ ಕಾಲುವೆಯನ್ನು ಒತ್ತಿದವರಲ್ಲ.